ಕೋಟೆ ಏಳುವ ಹೊತ್ತು

ಮೊದಲು ಗಿಳಿಹಸಿರು ಹೋಗುತ್ತದೆ.
ಮೂರನೇ ಸಾಲಿನಲ್ಲಿ, ಎಲೆಹಸಿರಿಗೂ ಪಾಚಿಹಸಿರಿಗೂ ನಡುವೆ
ಬೆಳಿಗ್ಗೆ ನಾನೇ ಮಡಚಿಟ್ಟ ಬ್ಲೌಸ್ ಪೀಸು
ಇದ್ದ ಜಾಗದಲ್ಲಿ ಏನೂ ಇಲ್ಲ.
ಕಪ್ಪಲ್ಲ, ಬಿಳಿಯಲ್ಲ.
ಏನೂ ಇಲ್ಲದ ಬಣ್ಣಕ್ಕೆ ನಮ್ಮ ಅಂಗಡಿಯಲ್ಲಿ ನಂಬರಿಲ್ಲ.

ಲಕ್ಷ್ಮೀ ಬಜಾರಿನ ಮ್ಯಾಚಿಂಗ್ ಸೆಂಟರಿನಲ್ಲಿ ಹದಿನಾಲ್ಕು ವರ್ಷ.
ಸೆರಗನ್ನು ಬಾಗಿಲ ಬೆಳಕಿಗೆ ಹಿಡಿದು
'ಇದು ಬದನೆ ಅಲ್ಲಕ್ಕ, ನೇರಳೆ' ಅನ್ನುವವಳು ನಾನು.
ಇನ್ನೂರ ಹತ್ತು ಬಣ್ಣ ಗೊತ್ತಿರುವ ಕಣ್ಣಿನ ಮೂಲೆಯಲ್ಲಿ
ಈಗೊಂದು ಹಲ್ಲು ಮಿನುಗುತ್ತದೆ.
ಪಕ್ಕದಲ್ಲಿ ಇನ್ನೊಂದು.
ಇಳಕಲ್ ಸೀರೆಯ ತೆನೆಯ ಹಾಗೆ, ತೆನೆ, ತೆನೆ, ತೆನೆ,
ಕುಡುಗೋಲಿನಂತೆ ಬಾಗಿ ಬೆಳೆಯುತ್ತದೆ.

ದಾವಣಗೆರೆಯ ಡಾಕ್ಟರು ಚೀಟಿಯ ಹಿಂದೆ
ಪೆನ್ನಿನಲ್ಲಿ ಅದನ್ನೇ ಎಳೆದು 'ಹೀಗಾ?' ಅಂದರು.
ಹೀಗೇ.
'ಕೋಟೆಗೋಡೆ ಅಂತಲೇ ಹೆಸರು ಇದಕ್ಕೆ, ನಮ್ಮ ಪುಸ್ತಕದಲ್ಲಿ.
ಯಾವೂರು ನಿಮ್ಮದು?'
'ದುರ್ಗ.'
ಇಬ್ಬರೂ ನಕ್ಕೆವು.
ನಗುವಾಗಲೂ ಎಡಗಡೆ ಮಿಡಿಯುತ್ತಿತ್ತು.

ಗೋಡೆ ಎದ್ದ ಮೇಲೆ ಇಪ್ಪತ್ತು ನಿಮಿಷ ನನ್ನದು.
ಕತ್ತರಿ ಕೆಳಗಿಡಬೇಕು.
ನೀರು ಕುಡಿಯಬೇಕು.
ಗುಳಿಗೆಯ ಲೆಕ್ಕ ಹಾಕಬೇಕು:
ತಿಂಗಳಿಗೆ ಎಂಟೇ, ಮೀರಿದರೆ
ಗುಳಿಗೆಯೇ ತಲೆನೋವಾಗಿ ಬರುತ್ತದಂತೆ.
ಇವತ್ತು ಹತ್ತೊಂಬತ್ತು. ಆರು ಮುಗಿದಿವೆ.
ಭಾನುವಾರ ಹಸೀನಾಳ ತಂಗಿಯ ನಿಕಾ, ಅದಕ್ಕೊಂದು ಎತ್ತಿಡಬೇಕು,
ಅತ್ತರು, ಬಿರಿಯಾನಿ, ಸೀರಿಯಲ್ ಸೆಟ್ಟು, ಎಲ್ಲ ಇರುತ್ತದೆ.
ಹಾಗಾದರೆ ಇವತ್ತಿನದು?
ನುಂಗಿದೆ. ಮುಂದಿನ ವಾರವನ್ನು ಮುಂದಿನ ವಾರ ನೋಡಿದರಾಯಿತು.

ಅರೆತಲೆನೋವು ಅನ್ನುತ್ತಾರೆ.
ಉಳಿದ ಅರ್ಧದಲ್ಲಿ ಬಿಲ್ ಬರಿ ಅನ್ನುತ್ತಾರೆ ಸಾಹುಕಾರ ಕೊಟ್ರಬಸಪ್ಪನವರು.
ಕೆಟ್ಟವರಲ್ಲ. ಊದಿನಕಡ್ಡಿ ಹಚ್ಚುವುದನ್ನು
ನನಗಾಗಿ ಬೀದಿಯ ಕಡೆಗೆ ಸಾಗಿಸಿದ್ದಾರೆ.
ಲವಂಗದ ಪಟ್ಟು, ದೃಷ್ಟಿಯ ಮೆಣಸಿನಕಾಯಿ,
ಕಾಫಿ ಬಿಡು, ಕಾಫಿ ಕುಡಿ, ಕನ್ನಡಕ ಬದಲಿಸು, ಮನೆ ಬದಲಿಸು,
ಹೇಳದವರು ಈ ಬಜಾರಿನಲ್ಲಿ ಯಾರಿದ್ದಾರೆ?
ಮಲ್ಲಿಗೆ ಮಾರುವವಳು ಮಾತ್ರ ನನ್ನ ಕಂಡರೆ
ಬುಟ್ಟಿಯನ್ನು ಆ ಕೈಗೆ ಬದಲಿಸಿಕೊಂಡು ಹೋಗುತ್ತಾಳೆ.

ಒಳಗೆ, ಲೈನಿಂಗ್ ಬಟ್ಟೆಯ ಥಾನುಗಳ ಮೇಲೆ ಮಲಗುತ್ತೇನೆ.
ಹಸೀನಾ ಷಟರು ಅರ್ಧ ಎಳೆದು, ಟ್ಯೂಬ್‌ಲೈಟು ಆರಿಸುತ್ತಾಳೆ.
ಕಣ್ಣಿಗೆ ಕರಿ ಬಟ್ಟೆ, ಅರ್ಧ ಮೀಟರು, ನನ್ನ ಖಾತೆಗೆ.
ಆಮೇಲಿನದು ಹೇಳಲು ಬರುವುದಿಲ್ಲ.
ಹೊರಗೆ ಆಟೋ ಒಂದು ತಿರುಗಿಸಿಕೊಳ್ಳುತ್ತದೆ, ನನ್ನೊಳಗೇ.

ಅಮ್ಮ ಶೇಂಗಾ ಮಿಲ್ಲಿನಿಂದ ಬಂದವಳೇ
ತಲೆಗೆ ಸೆರಗು ಬಿಗಿದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು.
ಆವತ್ತು ಲೋಟ ಬೀಳುವಂತಿರಲಿಲ್ಲ,
ತಮ್ಮ ಅಳುವಂತಿರಲಿಲ್ಲ, ಒಗ್ಗರಣೆ ಸಿಡಿಯುವಂತಿರಲಿಲ್ಲ.
ಸಿಡುಕಿ ಅಂದಿತು ಓಣಿ.
ನಾನೂ ಅಂದೆ, ಒಮ್ಮೆ, ಎದುರಿಗೇ.
ಅವಳು ತಿರುಗಿ ನೋಡಲಿಲ್ಲ.
ನೋಡಿದ್ದರೆ ನನ್ನ ಅರ್ಧ ಮುಖವಷ್ಟೇ ಕಾಣುತ್ತಿತ್ತೇನೋ.
ಅವಳಿಗೆ ಯಾರೂ ಚೀಟಿಯ ಹಿಂದೆ ಎಳೆದು ತೋರಿಸಲಿಲ್ಲ.
ಗೋಡೆಯ ಮೇಲೆ ಎಷ್ಟು ಕೋಟೆ ಕಂಡಳೋ,
ದೆವ್ವ ಅಂದುಕೊಂಡಳೋ, ಕಣ್ಣು ಹೋಯಿತು ಅಂದುಕೊಂಡಳೋ.
ಸಾಯುವತನಕ ಕೇಳಲೇ ಇಲ್ಲ ನಾನು,
'ಎಡಕ್ಕಾ, ಬಲಕ್ಕಾ?'

ಐದೂವರೆಗೆ ಎದ್ದೆ.
ತಲೆ ತೊಳೆದಿಟ್ಟ ಪಾತ್ರೆಯ ಹಾಗೆ, ಬೋರಲು.
ಬಾಗಿಲಿಗೆ ಬಂದರೆ ತಂತಿಗಳ ಆಚೆ ಬೆಟ್ಟ,
ಬೆಟ್ಟದ ಮೇಲೆ ನಿಜವಾದ ತೆನೆಗಳು, ಕಲ್ಲಿನವು.
ಅವು ಮಿನುಗುವುದಿಲ್ಲ. ಅಷ್ಟು ಸಾಕು.

ಬಿಲ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದೆ:
ಹತ್ತೊಂಬತ್ತು, ಎಡ, ನಾಲ್ಕು ಗಂಟೆ, ಗುಳಿಗೆ ಏಳು, ಉಳಿದದ್ದು ಒಂದು.
ಅಷ್ಟರಲ್ಲಿ ಯಾರೋ ಸೀರೆ ಚಾಚಿದರು,
'ಇದಕ್ಕೆ ಸರಿಹೊಂದೋದು ಕೊಡಕ್ಕ.'
ಬೆಳಕಿಗೆ ಹಿಡಿದೆ. ನೇರಳೆ. ಅಥವಾ ಬದನೆ.
'ನಾಳೆ ಬನ್ನಿ' ಅಂದೆ.
'ಇವತ್ತು ಈ ಕಣ್ಣನ್ನು ನಾನೂ ನಂಬೋದಿಲ್ಲ.'